ಹಲವು ಮಕ್ಕಳ ತಾಯಿ ಹಿತ್ತಲಲ್ಲಿರಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗೆ ಮಗಳು ಬಾಣಂತನಕ್ಕೆ ಬಂದಳೆಂದರೆ ಅಟ್ಟದ ಮೇಲಿನ ಕೊಬ್ಬರಿ ಕೆಳಗಿಳಿಯುತ್ತದೆ. ಅಂಟಿನುಂಡೆಗೆ ಕೊಬ್ಬರಿ ತುರಿ, ಬೆಲ್ಲ, ಒಣಶುಂಠಿ; ಊಟಕ್ಕೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ. ಇವೆಲ್ಲ ಮನೆಯಲ್ಲೇ ಇರುವ ವಸ್ತುಗಳು. ಆದರೆ ಮಗು ಎರಡು ರಾತ್ರಿ ಬಿಡದೆ ಅತ್ತು, 'ಹಾಲು ಸಾಲುತ್ತಿಲ್ಲವೇನೋ' ಎಂಬ ಅನುಮಾನ ಮನೆಯವರ ತಲೆ ಹೊಕ್ಕಿತೆಂದರೆ ಮನೆಯಲ್ಲಿಲ್ಲದ ಒಂದು ವಸ್ತುವಿನ ಹೆಸರು ಕೇಳಿಬರುತ್ತದೆ. 'ಹಲವು ಮಕ್ಕಳ ತಾಯಿ ಬೇರು ಎಲ್ಲಾದರೂ ಸಿಕ್ಕೀತೇ ನೋಡಿ' ಎನ್ನುತ್ತಾರೆ ಅಜ್ಜಿ.

ಹಿಂದೆ ದನ ಕಾಯುವವರಿಗೆ ಹೇಳಿದ್ದರೆ ಸಾಕಿತ್ತು. ಮದಲಿಂಗನ ಕಣಿವೆಯಂಥ ಕುರುಚಲು ಕಾಡಿನಿಂದಲೋ, ಹೊಲದ ಕಳ್ಳಿ ಬೇಲಿಯಿಂದಲೋ ಸಂಜೆಯೊಳಗೆ ಒಂದು ಹಿಡಿ ಬೇರು ಅಗೆದು ತಂದುಕೊಡುತ್ತಿದ್ದರು. ಈಗ ಕಳ್ಳಿ ಬೇಲಿ ಹೋಗಿ ಕಲ್ಲುಕಂಬ, ತಂತಿ ಬಂದಿವೆ. ಕಾಡಿನ ಬಳ್ಳಿಯನ್ನು ಬುಡಸಹಿತ ಕಿತ್ತು ಮಾರುವವರು ಹೆಚ್ಚಿ ಅಲ್ಲೂ ಅದು ಅಪರೂಪವಾಗುತ್ತಿದೆ. ಕೊನೆಗೆ ಅಂಗಡಿಯಿಂದ ಒಂದು ಡಬ್ಬಿ ಪುಡಿ ಬರುತ್ತದೆ. ಅದರೊಳಗೆ ಯಾವ ಬೇರಿದೆ, ಎಷ್ಟು ಹಳೆಯದು ಎಂಬುದು ಪುಡಿಯನ್ನು ನೋಡಿದರೆ ನಿಮಗಾಗಲಿ ನನಗಾಗಲಿ ತಿಳಿಯುವುದಿಲ್ಲ.

ಈ ಬೇರು ಶತಾವರಿಯದು. ನಮ್ಮ ಕಡೆ ಆಷಾಢಿ ಬೇರು ಎಂಬ ಹೆಸರೂ ಇದೆ. ಸಸ್ಯಶಾಸ್ತ್ರಜ್ಞರು ಇದನ್ನು ಆಸ್ಪರಾಗಸ್ ರೆಸಿಮೋಸಸ್ ಎನ್ನುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಬಡಿಸುವ, ಬೆಂಗಳೂರಿನ ಅಂಗಡಿಗಳಲ್ಲಿ ಕಟ್ಟು ಕಟ್ಟಿ ಮಾರುವ ಹಸಿರು ದಂಟಿನ ಆಸ್ಪರಾಗಸ್ ತರಕಾರಿ ಇದರ ದಾಯಾದಿ. ಆ ತರಕಾರಿಯನ್ನೇ ತೋಟದಲ್ಲಿ ಬೆಳೆಯಬಹುದೇ ಎಂದು ಕೇಳುವ ಉತ್ಸಾಹಿಗಳಿದ್ದಾರೆ. ಅದು ಚಳಿದೇಶದ ಗಿಡ. ವರ್ಷಕ್ಕೊಮ್ಮೆ ಚಳಿಗೆ ಮಲಗಿ ಎದ್ದರೆ ದಪ್ಪ ದಂಟು ಕೊಡುತ್ತದೆ, ನಮ್ಮ ಸೀಮೆಯಲ್ಲಿ ಕಡ್ಡಿಯಂಥ ದಂಟು ಬರುವ ಸಂಭವವೇ ಹೆಚ್ಚು. ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಹೇಳಿಸಿದ ಆಸ್ಪರಾಗಸ್ ಶತಾವರಿಯೇ. ಇದರ ಎಳೆ ಕುಡಿಯನ್ನೂ ಪಲ್ಯ ಮಾಡಬಹುದು. ಬೆಲೆ ಇರುವುದು ಮಾತ್ರ ಬೇರಿಗೆ.

ಬೆಳೆಯುವ ಕ್ರಮಕ್ಕೆ ಹೋಗುವ ಮುನ್ನ ಹಾಲಿನ ವಿಷಯವನ್ನೇ ಇತ್ಯರ್ಥ ಮಾಡಿಕೊಳ್ಳೋಣ. ಏಕೆಂದರೆ ಈ ಬೇರಿನ ಮೇಲಿಟ್ಟ ಅತಿಯಾದ ನಂಬಿಕೆಯಿಂದ ಮಕ್ಕಳು ಸೊರಗುವುದನ್ನು ಕಂಡಿದ್ದೇನೆ.

ಹಾಲು ಬರಿಸುವುದು ಯಾರು?

ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ 22 ದಿನದ ಕೂಸನ್ನು ಕರೆತಂದಿದ್ದರು. ಹುಟ್ಟಿದಾಗ 2 ಕೆ.ಜಿ. 800 ಗ್ರಾಂ ಇದ್ದ ಮಗು ಈಗ 2 ಕೆ.ಜಿ. 600 ಗ್ರಾಂ. 'ಶತಾವರಿ ಪುಡಿ ಎರಡು ಹೊತ್ತೂ ಕೊಡುತ್ತಿದ್ದೇವೆ ಸ್ವಾಮಿ, ಆದರೂ ಹಾಲಿಲ್ಲ' ಎಂದರು ಬಾಣಂತಿಯ ತಾಯಿ. ವಿಚಾರಿಸಿದಾಗ ತಿಳಿದದ್ದು ಇಷ್ಟು: ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ದಿನಕ್ಕೆ ಎರಡೇ ಲೋಟ ನೀರು. ಹಾಲು ಸಾಲದೆಂದು ಮಗುವಿಗೆ ಬಾಟಲಿಯಲ್ಲಿ ನೀರು ಬೆರೆಸಿದ ಹಸುವಿನ ಹಾಲು. ಬಾಟಲಿ ಕುಡಿದ ಮಗು ನಿದ್ದೆ ಹೋಗುತ್ತಿದ್ದುದರಿಂದ ಎದೆಗೆ ಹಾಕುತ್ತಿದ್ದುದು ದಿನಕ್ಕೆ ನಾಲ್ಕು ಸಲ. ಹಾಕಿದಾಗಲೂ ಮಗು ಮೊಲೆತೊಟ್ಟಿನ ತುದಿಯನ್ನಷ್ಟೇ ಕಚ್ಚುತ್ತಿದ್ದರಿಂದ ತೊಟ್ಟು ಬಿರುಕು ಬಿಟ್ಟು, ತಾಯಿ ನೋವಿಗೆ ಹೆದರಿ ಕೂತಿದ್ದಳು.

ಇಂಥ ಕಡೆ ಯಾವ ಬೇರು ತಾನೇ ಏನು ಮಾಡೀತು? ಹಾಲು ತಯಾರಾಗುವುದು ಮಗು ಚೀಪುವುದರಿಂದ. ಮಗು ಬಾಯಿ ಅಗಲಿಸಿ ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಹಿಡಿದು ಚೀಪಿದಾಗ ತಾಯಿಯ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ಹೊರಡುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲು ಉತ್ಪತ್ತಿ ಮಾಡಿಸುತ್ತದೆ, ಆಕ್ಸಿಟೋಸಿನ್ ಎಂಬುದು ಅದನ್ನು ಹೊರಕ್ಕೆ ಇಳಿಸುತ್ತದೆ. ಮೊಲೆ ಬರಿದಾದಷ್ಟೂ ಹಾಲು ತುಂಬುತ್ತದೆ, ತುಂಬಿಯೇ ಉಳಿದರೆ ಉತ್ಪತ್ತಿ ಇಳಿಯುತ್ತದೆ. ಆದ್ದರಿಂದಲೇ ಹೊಸ ಕೂಸನ್ನು ಹಗಲು ರಾತ್ರಿ ಸೇರಿ 8ರಿಂದ 12 ಸಲ ಎದೆಗೆ ಹಾಕಬೇಕು. ನಡುವೆ ಬಂದ ಒಂದೊಂದು ಬಾಟಲಿಯೂ ತಾಯಿಯ ಹಾಲನ್ನು ಅಷ್ಟಷ್ಟು ಕಡಿಮೆ ಮಾಡುತ್ತದೆ. ಆ ಮಗುವಿನ ವಿಷಯದಲ್ಲಿ ಮಾಡಿದ್ದೂ ಇಷ್ಟೇ: ಹಿಡಿಯುವ ಕ್ರಮ ಹೇಳಿಕೊಟ್ಟು, ಮಕ್ಕಳ ವೈದ್ಯರ ಕಣ್ಗಾವಲಿನಲ್ಲಿ ಬಾಟಲಿಯನ್ನು ಹಂತಹಂತವಾಗಿ ನಿಲ್ಲಿಸಿ, ತಾಯಿಗೆ ಬಾಯಾರಿದಾಗಲೆಲ್ಲ ನೀರು ಕೊಡಿಸಿದೆವು. ವಾರದಲ್ಲಿ ತೂಕದ ಮುಳ್ಳು ಮೇಲೇರತೊಡಗಿತು. ಪುಡಿಯ ಡಬ್ಬಿಯನ್ನು ನಾವು ಮುಟ್ಟಲೂ ಇಲ್ಲ, ಬೇಡವೆನ್ನಲೂ ಇಲ್ಲ. (ನೀರು ಹೆಚ್ಚು ಕುಡಿದಷ್ಟೂ ಹಾಲು ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಬಾಯಾರಿದವಳನ್ನು ಹಾಗೇ ಇಡಬಾರದು, ಅಷ್ಟೆ.)

ಮಗು ಅತ್ತ ಮಾತ್ರಕ್ಕೆ ಹಾಲು ಸಾಲದೆಂದಲ್ಲ. ಮೊದಲ ವಾರದ ನಂತರ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡುತ್ತಿದೆಯೇ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿದೆಯೇ, ಆಮೇಲೆ ತಿಂಗಳಿಗೆ ಅರ್ಧ ಕೆ.ಜಿ.ಗಿಂತ ಕಡಿಮೆಯಾಗದಂತೆ ಏರುತ್ತಿದೆಯೇ ಎಂದು ನೋಡಿ. ಇಷ್ಟಿದ್ದರೆ ಹಾಲು ಸಾಲುತ್ತಿದೆ. ಇಲ್ಲವಾದರೆ, ಅಥವಾ ಮಗು ಮಂಕಾಗಿ ಚೀಪುವುದನ್ನೇ ಬಿಟ್ಟರೆ, ಬೇರು ಹುಡುಕಲು ಹೋಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಹಾಗಾದರೆ ಶತಾವರಿ ಸುಳ್ಳೇ ಎಂದು ಕೇಳುತ್ತೀರಿ. ಸುಳ್ಳೆನ್ನುವುದಕ್ಕೂ ಆಗದು. ಆಯುರ್ವೇದ ಇದನ್ನು ಸ್ತನ್ಯವರ್ಧಕವೆಂದು ಬಹುಕಾಲದಿಂದ ಬಳಸಿದೆ, ಹಾಲು ಕರೆಯುವ ಹಸುವಿಗೂ ಅರೆದು ಕೊಡುವ ರೂಢಿಯಿದೆ. ಇದರ ಬೇರಿನಲ್ಲಿ ಶತಾವರಿನ್‌ಗಳೆಂಬ ಸಪೋನಿನ್ ವರ್ಗದ ವಸ್ತುಗಳಿವೆ. ಆದರೆ ಬಾಣಂತಿಯರ ಮೇಲೆ ನಡೆದ ಪರೀಕ್ಷೆಗಳು ಒಂದೇ ಮಾತು ಹೇಳಿಲ್ಲ. ಭಾರತದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶತಾವರಿ ಸೇವಿಸಿದ ತಾಯಂದಿರಿಗೂ ಸೇವಿಸದವರಿಗೂ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ, 60 ತಾಯಂದಿರ ಇನ್ನೊಂದು ಅಧ್ಯಯನದಲ್ಲಿ ಬೇರು ಸೇವಿಸಿದವರ ಪ್ರೊಲ್ಯಾಕ್ಟಿನ್ ಸುಮಾರು ಮೂರನೇ ಒಂದರಷ್ಟು ಏರಿತು, ಉಳಿದವರಲ್ಲಿ ಏರಿದ್ದು ಹತ್ತನೇ ಒಂದರಷ್ಟು ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ, ಮಗು ಸರಿಯಾಗಿ ಚೀಪುತ್ತಿರುವ, ತಾಯಿ ಸರಿಯಾಗಿ ಉಣ್ಣುತ್ತಿರುವ ಮನೆಯಲ್ಲಿ ಇದೊಂದು ಒಳ್ಳೆಯ ಸಹಾಯಕ. ಆ ಎರಡೂ ಇಲ್ಲದ ಮನೆಯಲ್ಲಿ ಕಾಲಹರಣ.

ಸಹಾಯಕನೇ ಆದರೂ ನಂಬಿಕಸ್ಥನಾಗಿರಬೇಕಲ್ಲ! ಬಳ್ಳಿಯನ್ನು ಮನೆಯಲ್ಲೇ ಬೆಳೆದುಕೊಳ್ಳಿ ಎನ್ನುವುದು ಇದಕ್ಕಾಗಿ. ಇನ್ನೊಂದು ಕಾರಣ ಇನ್ನೂ ಗಂಭೀರವಾದದ್ದು. ಶತಾವರಿ ಬೆಳೆಯುವಂಥ ಬೇಲಿಗಳಲ್ಲೇ ಗೌರಿ ಹೂವಿನ ಬಳ್ಳಿಯೂ ಬೆಳೆಯುತ್ತದೆ. ಕೆಂಪು-ಹಳದಿ ಜ್ವಾಲೆಯಂಥ ಹೂವಿನ ಈ ಅಗ್ನಿಶಿಖೆಯ ಗಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ಘೋರ ವಿಷವಿದೆ. ಎಲೆ ಉದುರಿದ ಕಾಲದಲ್ಲಿ ಅಂದಾಜಿನ ಮೇಲೆ ಅಗೆದರೆ ಪ್ರಾಣಕ್ಕೇ ಮುಳುವಾದೀತು. ನೀವೇ ನೆಟ್ಟ ಬಳ್ಳಿಯಲ್ಲಿ ಈ ಭಯವಿಲ್ಲ.

ಎಲ್ಲಿ, ಯಾವಾಗ ನೆಡಬೇಕು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆಟ್ಟ ಶತಾವರಿ ಬೇರಿಗೆ ಬರಲು 18ರಿಂದ 24 ತಿಂಗಳು ಬೇಕು. ಮಗಳಿಗೆ ಏಳು ತಿಂಗಳು ತುಂಬಿದಾಗ ಗುದ್ದಲಿ ಹಿಡಿದರೆ ಪ್ರಯೋಜನವಿಲ್ಲ. ಮದುವೆಯ ಚಪ್ಪರ ಬಿಚ್ಚಿದ ವಾರವೇ ನೆಟ್ಟುಬಿಡುವುದು ಒಳ್ಳೆಯದು, ಬೀಗರು ನಕ್ಕರೆ ನಗಲಿ.

ಸಸಿ ಎರಡು ಬಗೆಯಲ್ಲಿ ಮಾಡಬಹುದು. ಹಣ್ಣಾಗಿ ಕೆಂಪಾದ ಕಾಯಿಯೊಳಗಿನ ಕಪ್ಪು ಬೀಜದ ಸಿಪ್ಪೆ ಗಡುಸು. ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮುಂಗಾರಿನ ಮೊದಲಿಗೆ ಮರಳು-ಗೊಬ್ಬರ ಬೆರೆಸಿದ ಮಡಿಯಲ್ಲಿ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಬಿತ್ತಬೇಕು. ಮೊಳೆಯಲು ಮೂರು ನಾಲ್ಕು ವಾರ ತೆಗೆದುಕೊಳ್ಳುತ್ತದೆ, ಎಲ್ಲವೂ ಮೊಳೆಯುವುದಿಲ್ಲ. ಹತ್ತು ಗಿಡ ಬೇಕಾದರೆ ಮೂವತ್ತು ಬೀಜ ಹಾಕಿ. ಎರಡು ತಿಂಗಳ ಸಸಿ ನೆಡಲು ತಕ್ಕದ್ದು. ಇದಕ್ಕಿಂತ ಸುಲಭವೆಂದರೆ ಬಳ್ಳಿಯಿದ್ದವರಿಂದ ಬುಡದ ಗೆಡ್ಡೆಯನ್ನು ಎರಡು ಮೊಳಕೆ, ನಾಲ್ಕಾರು ಬೇರು ಇರುವಂತೆ ಸೀಳಿ ತರುವುದು. ಸಸಿಗಾಗಿ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಾಗಲಿ ವಿಚಾರಿಸಬಹುದು. ಅಲಂಕಾರದ ಗಿಡ ಮಾರುವ ನರ್ಸರಿಯಲ್ಲಿ 'ಆಸ್ಪರಾಗಸ್' ಎಂದಷ್ಟೇ ಕೇಳಿದರೆ ಹೂಗುಚ್ಛಕ್ಕೆ ಹಾಕುವ ಬೀಸಣಿಗೆಯಂಥ ಎಲೆಯ ಗಿಡ ಕೊಟ್ಟಾರು. ಅದು ದಕ್ಷಿಣ ಆಫ್ರಿಕಾ ಮೂಲದ ಬೇರೆ ಜಾತಿ, ಔಷಧಿಗಲ್ಲ. ಶತಾವರಿಗೆ ಸೂಜಿಯಂಥ ಎಲೆ ಗೊಂಚಲು ಗೊಂಚಲಾಗಿರುತ್ತದೆ, ಕಾಂಡದ ಮೇಲೆ ಕೆಳಕ್ಕೆ ಬಾಗಿದ ಮುಳ್ಳಿರುತ್ತದೆ, ಪುಟ್ಟ ಬಿಳಿ ಹೂವಿಗೆ ಒಳ್ಳೆಯ ಪರಿಮಳ. (ಆ ಸೂಜಿಗಳು ನಿಜವಾಗಿ ಎಲೆಯಲ್ಲ, ರೂಪ ಬದಲಿಸಿದ ಕಾಂಡ. ಶಾಲೆಗೆ ಹೋಗುವ ಮಕ್ಕಳಿಗೆ ತೋರಿಸಿ.)

ನಮ್ಮ ಕಡೆಯ ಕೆಂಪು ಮರಳುಗೋಡು ಇದಕ್ಕೆ ಬಲು ಚೆನ್ನಾಗಿ ಒಗ್ಗುತ್ತದೆ. ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಆದ್ದರಿಂದ ಒಂದೂವರೆ ಅಡಿ ಆಳ ಅಗೆದು ಮಣ್ಣು ಸಡಿಲಿಸಿ, ಒಂದು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ನೆಲಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಗಿಡದಿಂದ ಗಿಡಕ್ಕೆ ಎರಡು ಅಡಿ. ಮೃಗಶಿರ, ಆರಿದ್ರಾ ಮಳೆಯಲ್ಲಿ ನೆಟ್ಟರೆ ಹಸ್ತ, ಚಿತ್ತಾ ಮಳೆಯ ಹೊತ್ತಿಗೆ ನೆಲ ಹಿಡಿದಿರುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಸಾಕು. ಹಬ್ಬಲು ಗೊಬ್ಬರದ ಗಿಡದ ಗೂಟವನ್ನೋ ನುಗ್ಗೆ ಮರವನ್ನೋ ಆಸರೆ ಕೊಡಿ. ತಿಪಟೂರು ಪೇಟೆಯಲ್ಲಿರುವವರು, ಹಿತ್ತಲಿಲ್ಲದವರು, ಒಂದೂವರೆ ಅಡಿಗೆ ಕಡಿಮೆಯಿಲ್ಲದ ಆಳದ ಚೀಲ ಅಥವಾ ಡ್ರಮ್ಮಿನಲ್ಲಿ ತಾರಸಿಯ ಮೇಲೂ ಬೆಳೆಯಬಹುದು. ಬೇರು ಸ್ವಲ್ಪ ಕಡಿಮೆ ಬರುತ್ತದೆ.

ತೋಟದಲ್ಲಿ ನೆಡುವವರು ಒಂದಿಷ್ಟು ಎಚ್ಚರ ವಹಿಸಬೇಕು. ತೆಂಗಿನ ನೆರಳು ಶತಾವರಿಗೆ ಹಿತವೇ. ಮೂವತ್ತು ಅಡಿ ಅಂತರದ, ಇಪ್ಪತ್ತೈದು ವರ್ಷ ದಾಟಿದ ತೋಟದಲ್ಲಿ ಗರಿಗಳ ನಡುವೆ ಇಳಿಯುವ ಬಿಸಿಲು ಅದಕ್ಕೆ ಸಾಕು. ಆದರೆ ತೆಂಗಿನ ಪಾತಿಯೊಳಗೆ ನೆಡಬೇಡಿ. ತೆಂಗಿನ ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಆರು ಏಳು ಅಡಿಯೊಳಗೇ ಇರುತ್ತವೆ. ಎರಡು ವರ್ಷದ ನಂತರ ಶತಾವರಿ ಅಗೆಯುವಾಗ ಹಾರೆ ತಗುಲಿ ಅವು ಕತ್ತರಿಸುತ್ತವೆ. ನಮ್ಮ ಸೀಮೆಯ ತೋಟಗಳನ್ನು ತಿನ್ನುತ್ತಿರುವ ಅಣಬೆ ರೋಗ ಮಣ್ಣಿನಿಂದ ಬರುವಂಥದು, ಗಾಯವಾದ ಬೇರು ಅದಕ್ಕೆ ತೆರೆದ ಬಾಗಿಲು. ಬಾಣಂತಿಯ ಬೇರಿಗಾಗಿ ಫಲ ಕೊಡುವ ಮರ ಕಳೆದುಕೊಂಡರೆ ಮನೆಯ ಯಜಮಾನರು ನನ್ನನ್ನು ಬೈದಾರು! ನಾಲ್ಕು ಮರಗಳ ನಟ್ಟನಡುವಿನ ಜಾಗವೇ ಸರಿ.

ಎರಡನೆಯ ಎಚ್ಚರ ಆರೋಗ್ಯದ್ದೇ. ಕಪ್ಪುತಲೆ ಹುಳು, ನುಸಿ ಎಂದು ತೆಂಗಿಗೆ ಬೇರಿನ ಮೂಲಕ ಕೀಟನಾಶಕ ಉಣಿಸುವ ಪದ್ಧತಿ ಇದೆ. ಹಾಗೆ ಔಷಧಿ ಉಣಿಸಿದ ಮರಗಳ ಹತ್ತಿರ, ಕೀಟನಾಶಕದ ಪಂಪು ತೊಳೆಯುವ ಜಾಗದಲ್ಲಿ, ಕಳೆನಾಶಕ ಹೊಡೆಯುವ ಬದುವಿನಲ್ಲಿ ಶತಾವರಿ ಬೇಡ. ನೀವು ಅಗೆಯುವುದು ಬೇರನ್ನು, ಅದನ್ನು ತಿನ್ನುವವಳು ಹಾಲೂಡಿಸುವ ತಾಯಿ ಎಂಬುದನ್ನು ನೆನಪಿಡಿ. ಈ ಕಾರಣಕ್ಕೆ ನಾನು ತೋಟಕ್ಕಿಂತ ಹಿತ್ತಲನ್ನೇ ಹೆಚ್ಚು ಮೆಚ್ಚುತ್ತೇನೆ.

ಅಗೆತ, ಒಣಗಿಸುವುದು

ಎರಡನೆಯ ವರ್ಷದ ಮಳೆ ಮುಗಿದು, ಕಾರ್ತಿಕ-ಮಾರ್ಗಶಿರದಲ್ಲಿ ಬಳ್ಳಿ ಹಳದಿಗೆ ತಿರುಗಿದಾಗ ಬೇರು ಬಲಿತಿದೆಯೆಂದು ತಿಳಿಯಬಹುದು. ಹಿಂದಿನ ದಿನ ನೀರು ಬಿಟ್ಟು ಮಣ್ಣು ಮೆತ್ತಗೆ ಮಾಡಿಕೊಳ್ಳಿ. ಬುಡದಿಂದ ಒಂದಡಿ ದೂರದಲ್ಲಿ ಅಗೆಯುತ್ತ ಒಳಬನ್ನಿ. ಎರಡು ತುದಿ ಚೂಪಾದ, ಬೆರಳ ಗಾತ್ರದ ಬಿಳಿ ಬೇರುಗಳು ಒಂದೇ ಬುಡಕ್ಕೆ ಜೋತುಬಿದ್ದಿರುತ್ತವೆ. ಹಲವು ಮಕ್ಕಳ ತಾಯಿ ಎಂಬ ಹೆಸರು ಏಕೆ ಬಂತೆಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲ ಬೇರನ್ನೂ ಕೀಳಬೇಡಿ. ಮುಕ್ಕಾಲು ಪಾಲು ಕತ್ತರಿಸಿಕೊಂಡು, ಮೊಳಕೆಯಿರುವ ಬುಡವನ್ನು ಉಳಿದ ಬೇರಿನ ಸಮೇತ ಮತ್ತೆ ನೆಟ್ಟರೆ ಅದೇ ಬಳ್ಳಿ ಇನ್ನೆರಡು ವರ್ಷಕ್ಕೆ ಪುನಃ ಬರುತ್ತದೆ. ಬೇಲಿಯ ಬಳ್ಳಿಯನ್ನು ಅಗೆಯುವವರು ಇದನ್ನು ಮಾಡದೆ ಹೋದದ್ದರಿಂದಲೇ ಬೇಲಿಯಲ್ಲಿ ಅದು ಉಳಿಯಲಿಲ್ಲ.

ತೊಳೆದ ಬೇರನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿದರೆ ಮೇಲಿನ ಸಿಪ್ಪೆ ಸಲೀಸಾಗಿ ಸುಲಿದು ಬರುತ್ತದೆ. ಉದ್ದಕ್ಕೆ ಸೀಳಿ, ನಡುವಿನ ದಾರದಂಥ ನಾರನ್ನು ಎಳೆದುಹಾಕಿ. ಚೂರು ಮಾಡಿ ತೆಳುಬಟ್ಟೆಯ ಕೆಳಗೆ ಗಟ್ಟಿಯಾಗುವವರೆಗೆ ಒಣಗಿಸಿ. ಎಂಟು ಹತ್ತು ಕೆ.ಜಿ. ಹಸಿ ಬೇರು ಒಣಗಿದರೆ ಸುಮಾರು ಒಂದು ಕೆ.ಜಿ. ಆಗುತ್ತದೆ, ಅಷ್ಟು ನೀರು ಅದರಲ್ಲಿ. ಒಂದು ಬಳ್ಳಿಗೆ ಒಂದೆರಡು ಕೆ.ಜಿ. ಹಸಿ ಬೇರು ಸಿಕ್ಕರೂ ಐದಾರು ಬಳ್ಳಿ ಒಂದು ಬಾಣಂತನಕ್ಕೆ ಧಾರಾಳ. ಚೂರುಗಳನ್ನೇ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಆಗಾಗ ಪುಡಿ ಮಾಡಿಕೊಳ್ಳಿ. ಮುಗ್ಗಲು ವಾಸನೆ ಬಂದದ್ದನ್ನು ಹಸುವಿಗೂ ಹಾಕದೆ ತಿಪ್ಪೆಗೆ ಸುರಿಯಿರಿ.

ವೈದ್ಯರು ಸಾಮಾನ್ಯವಾಗಿ ಹೇಳುವ ಪ್ರಮಾಣ 3ರಿಂದ 5 ಗ್ರಾಂ ಪುಡಿ, ದಿನಕ್ಕೆ ಎರಡು ಸಲ, ಬಿಸಿ ಹಾಲಿನಲ್ಲಿ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯವರು, ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಲಿಥಿಯಂ ಸೇವಿಸುತ್ತಿರುವವರು, ಸ್ತನದ ಗಂಟಿಗೋ ಗರ್ಭಕೋಶದ ಗೆಡ್ಡೆಗೋ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಮುಟ್ಟಕೂಡದು. ಬಸುರಿಯರೂ ಅಷ್ಟೆ. 'ಬೇರು ತಾನೇ, ಏನಾಗುತ್ತದೆ' ಎನ್ನುವ ಮಾತು ಬೇಡ, ಹಾಲು ಹೆಚ್ಚಿಸುವ ಶಕ್ತಿಯಿದ್ದರೆ ಬೇರೆ ಏರುಪೇರು ಮಾಡುವ ಶಕ್ತಿಯೂ ಇರುತ್ತದೆ. ಸೇವಿಸಿದ ಮೇಲೆ ಮೈ ತುರಿಕೆ, ಗಂಧೆ ಕಂಡರೆ ಕೂಡಲೇ ನಿಲ್ಲಿಸಿ. ಮಗುವಿಗೆ ನೇರವಾಗಿ ಈ ಪುಡಿಯನ್ನಾಗಲಿ, ಜೇನುತುಪ್ಪವನ್ನಾಗಲಿ, ಸಕ್ಕರೆ ನೀರನ್ನಾಗಲಿ ನೆಕ್ಕಿಸುವುದು ಬೇಡ. ಹುಟ್ಟಿದ ಗಂಟೆಯೊಳಗೆ ಕೊಡುವ ಹಳದಿ ಗಿಣ್ಣು ಹಾಲಿನಿಂದ ಆರು ತಿಂಗಳವರೆಗೆ ತಾಯಿಯ ಹಾಲಷ್ಟೇ ಸಾಕು. ಬಳ್ಳಿಯ ಕೆಂಪು ಹಣ್ಣುಗಳು ಮಕ್ಕಳ ಕಣ್ಣು ಸೆಳೆಯುತ್ತವೆ, ಅವು ತಿನ್ನುವ ಹಣ್ಣಲ್ಲವೆಂದು ದೊಡ್ಡ ಮಕ್ಕಳಿಗೆ ಹೇಳಿಡಿ.

ಬಾಣಂತಿಯಿಲ್ಲದ ಮನೆಯವರು ನಿರಾಶರಾಗಬೇಕಿಲ್ಲ. ಮಲೆನಾಡಿನವರು ಹಸಿ ಬೇರಿನ ತಂಬುಳಿ ಮಾಡುತ್ತಾರೆ. ಸಿಪ್ಪೆ, ನಾರು ತೆಗೆದ ನಾಲ್ಕು ಬೆರಳುದ್ದದ ಎರಡು ಬೇರು, ಅರ್ಧ ಬಟ್ಟಲು ಹಸಿ ಕಾಯಿತುರಿ, ತುಪ್ಪದಲ್ಲಿ ಹುರಿದ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಸಿಹಿ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರಾಯಿತು. ಕುದಿಸುವುದು ಬೇಡ. ಬೇಸಿಗೆಯ ಮಧ್ಯಾಹ್ನ ಬಿಸಿ ಅನ್ನಕ್ಕೆ ಕಲಸಿಕೊಳ್ಳಬಹುದು, ಕಾಯಿಗೆ ಬರವಿಲ್ಲದ ನಮ್ಮ ಸೀಮೆಯಲ್ಲಿ ಇದನ್ನೇಕೆ ಮಾಡುವುದಿಲ್ಲವೋ ತಿಳಿಯದು.